ಜೀವನಚಕ್ರ ಮೌಲ್ಯಮಾಪನ ಮತ್ತು ಮುಕ್ತ ತಂತ್ರಾಂಶ

ಕಚ್ಚಾವಸ್ತು ತೆಗೆಯುವಲ್ಲಿಂದ ಕಸವಾಗುವವರೆಗೆ ಒಂದು ಉತ್ಪನ್ನ ಪರಿಸರದ ಮೇಲೆ ಹೇರುವ ಹೊರೆಯನ್ನು ಲೆಕ್ಕ ಹಾಕುವುದೇ ಜೀವನಚಕ್ರ ಮೌಲ್ಯಮಾಪನ. ಐಎಸ್‌ಒ 14040 ಮತ್ತು 14044 (2006) ಇದರ ಮಾನದಂಡಗಳು. ಗುರಿ-ವ್ಯಾಪ್ತಿ ನಿರ್ಧಾರ, ದಾಸ್ತಾನು ವಿಶ್ಲೇಷಣೆ, ಪರಿಣಾಮ ಮಾಪನ, ವ್ಯಾಖ್ಯಾನ ಎಂಬವು ನಾಲ್ಕು ಹಂತಗಳು. ಬರ್ಲಿನ್‌ನ ಗ್ರೀನ್‌ಡೆಲ್ಟಾ ಸಂಸ್ಥೆಯ ಓಪನ್‌ಎಲ್‌ಸಿಎ, ಪೈಥಾನ್ ಆಧಾರಿತ ಬ್ರೈಟ್‌ವೇ ಇದಕ್ಕೆ ಬಳಸುವ ಮುಕ್ತ ತಂತ್ರಾಂಶಗಳು. ಇವು ಉಚಿತ ಎಂಬುದು ಸಣ್ಣ ಮಾತು. ಲೆಕ್ಕದ ದಾರಿಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು ಎಂಬುದೇ ಮುಖ್ಯ. ಸಿಮೆಂಟನ್ನೇ ನೋಡಿ: ಅದರ ಕಚ್ಚಾವಸ್ತುವಾದ ಸುಣ್ಣಕಲ್ಲಿನ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಶುದ್ಧವಾಗಿ 100 ಕಿಲೋ ಇದ್ದು, ಸುಟ್ಟರೆ 56 ಕಿಲೋ ಸುಣ್ಣದ ಜೊತೆಗೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗೂಡಿಗೆ ಯಾವ ಇಂಧನ ಹಾಕಿದರೂ ಈ 44 ಕಿಲೋ ತಪ್ಪದು. ಇಂಧನವನ್ನಷ್ಟೇ ಎಣಿಸಿ ‘ಹಸಿರು ಸಿಮೆಂಟ್’ ಎಂದು ಸಾರಿದವರ ಲೋಪ, ಲೆಕ್ಕದ ಮಾದರಿ ಮುಕ್ತವಾಗಿದ್ದರೆ ಸುಲಭವಾಗಿ ಹೊರಬೀಳುತ್ತದೆ.

ತಂತ್ರಾಂಶ ಉಚಿತವಾದರೂ ದತ್ತಾಂಶಕ್ಕೆ ದುಡ್ಡು ಕೊಡಬೇಕಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಸ್ವಿಟ್ಜರ್‌ಲೆಂಡ್‌ನ ಇಕೋಇನ್ವೆಂಟ್ ದತ್ತಸಂಚಯದ ವಾಣಿಜ್ಯ ಬಳಕೆಗೆ ಪರವಾನಗಿ ಶುಲ್ಕವಿದೆ. ಯುರೋಪಿನ ವಿದ್ಯುತ್ ಅಂಕಿಗಳನ್ನು ಕಲ್ಲಿದ್ದಲನ್ನೇ ಹೆಚ್ಚು ನೆಚ್ಚಿದ ಭಾರತಕ್ಕೆ ಹಾಗೇ ಹಚ್ಚಿದರೆ ಉತ್ತರವೂ ಕೆಡುತ್ತದೆ. ಆದರೆ ಆ ದೋಷ ಮುಚ್ಚಿದ ತಂತ್ರಾಂಶವನ್ನೂ ಬಿಡದು. ಭಾರತಕ್ಕೆ ಮೊದಲು ಬೇಕಿರುವುದು ಸಾರ್ವಜನಿಕವಾದ ದೇಶೀಯ ದತ್ತಾಂಶ.