ಡಬ್ಬದ ಟೊಮೆಟೊ ಎಲೆ ಹಳದಿಯಾದರೆ

ಟೊಮೆಟೊ ಎಲೆ ಹಳದಿಯಾಯ್ತು ಅಂದ ಕೂಡಲೇ ನಮ್ಮ ಕೈ ಯೂರಿಯಾ ಚೀಲಕ್ಕೇ ಹೋಗುತ್ತೆ. ನಾನೂ ಹಾಗೇ ಮಾಡಿ ಹನ್ನೆರಡು ಎಣ್ಣೆ ಡಬ್ಬದಲ್ಲಿದ್ದ ಗಿಡಗಳಲ್ಲಿ ಏಳನ್ನು ಒಂದೇ ವಾರದಲ್ಲಿ ಕಳಕೊಂಡೆ. ಬೇಸಿಗೇಲಿ ಹೊಲಕ್ಕೆ ನೀರಿರಲಿಲ್ಲ, ಮನೆ ಸಾರಿಗಾದರೂ ಆಗಲಿ ಅಂತ ಇಟ್ಟಿದ್ದ ಗಿಡಗಳು.

ಸತ್ತ ಗಿಡ ಕಿತ್ತು ನೋಡಿದೆ. ಬೇರು ಕಂದು ಬಣ್ಣಕ್ಕೆ ತಿರುಗಿತ್ತು, ಹಿಸುಕಿದರೆ ಸಿಪ್ಪೆ ಕಳಚಿ ಬರುತ್ತಿತ್ತು, ಕೆಟ್ಟ ವಾಸನೆ ಬೇರೆ. ಡಬ್ಬದ ತಳದ ತೂತು ಎರೆಮಣ್ಣಿನಿಂದ ಮುಚ್ಚಿಹೋಗಿತ್ತು. ನೀರು ಹಿಡಿಯುವ ಎರೆಮಣ್ಣು ಹೊಲದಲ್ಲಿ ನಮ್ಮನ್ನು ಕಾಯುತ್ತೆ, ಡಬ್ಬದಲ್ಲಿ ಅದೇ ಬೇರಿನ ಉಸಿರು ಕಟ್ಟಿಸುತ್ತೆ. ಉಸಿರಿಲ್ಲದ ಬೇರು ಗೊಬ್ಬರ ಎಲ್ಲಿಂದ ಎತ್ತೀತು? ನಾನು ಹಾಕಿದ ಯೂರಿಯಾ ಅದನ್ನು ಇನ್ನಷ್ಟು ಸುಟ್ಟಿತು.

ಆದ್ದರಿಂದ ಮೊದಲು ಬೆರಳನ್ನು ಎರಡು ಗಿಣ್ಣು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ. ಕೆಸರಾಗಿದ್ದರೆ ನೀರು ನಿಲ್ಲಿಸಿ, ತೂತು ಬಿಡಿಸಿ, ಡಬ್ಬವನ್ನು ಎರಡು ಕಲ್ಲಿನ ಮೇಲೆ ಏರಿಸಿ. ಈಗ ನಾನು ತುಂಬೋದು ಕೆಂಪು ಮಣ್ಣು ಎರಡು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಒಂದು, ಮರಳು ಒಂದು.

ಮಣ್ಣು ಸರಿ ಇದ್ದೂ ಹಳದಿಯಾದರೆ, ಯಾವ ಎಲೆ ಮೊದಲು ಅನ್ನೋದನ್ನ ನೋಡಬೇಕು. ಕೆಳಗಿನ ಹಳೇ ಎಲೆ ಪೂರ್ತಿ ತಿಳಿ ಹಳದಿಯಾಗಿ ಗಿಡ ಸೊರಗಿದರೆ ಸಾರಜನಕ ಸಾಲದು. ಡಬ್ಬಕ್ಕೆ ದಿನಾ ಹಾಕುವ ನೀರಿನ ಜೊತೆ ಅದು ತಳದಿಂದ ಹರಿದುಹೋಗುತ್ತೆ. ಕೊಳೆಯದ ಶೇಂಗಾ ಹೊಟ್ಟು ಬೆರೆಸಿದರೂ ಹೀಗಾಗುತ್ತೆ, ಯಾಕೆಂದರೆ ಹೊಟ್ಟು ಕೊಳೆಸುವ ಸೂಕ್ಷ್ಮಜೀವಿಗಳೇ ಸಾರಜನಕ ಬಳಸಿಕೊಳ್ಳುತ್ತವೆ. ಒಂದಕ್ಕೆ ಹತ್ತು ಪಾಲು ನೀರು ಬೆರೆಸಿದ ಗಂಜಲವನ್ನು ಹತ್ತು ದಿನಕ್ಕೊಮ್ಮೆ ಒಂದು ಲೋಟ ಕೊಟ್ಟರೆ ಹಸಿರು ಬರುತ್ತೆ. ಕಾಯಿ ಕಚ್ಚಿದ ಮೇಲೆ ತೀರಾ ಕೆಳಗಿನ ಒಂದೆರಡು ಎಲೆ ಹಣ್ಣಾದರೆ ಅದು ವಯಸ್ಸಿನದ್ದು, ತಲೆ ಕೆಡಿಸ್ಕೋಬೇಡಿ.

ಹಳೇ ಎಲೆಯಲ್ಲೇ ನರ ಹಸಿರಿದ್ದು ನಡುವೆ ಹಳದಿ ಬಂದರೆ ಮೆಗ್ನೀಷಿಯಂ ಕೊರತೆ. ಮೆಗ್ನೀಷಿಯಂ ಸಲ್ಫೇಟನ್ನು ಲೀಟರಿಗೆ 5 ಗ್ರಾಂನಂತೆ ಸಂಜೆ ಸಿಂಪಡಿಸಿ. ಅದೇ ಗುರುತು ತುದಿಯ ಎಳೇ ಎಲೆಯಲ್ಲಿ ಬಂದರೆ ಕಬ್ಬಿಣದ್ದು. ನಮ್ಮ ಕಡೆಯ ಗಡಸು ಬೋರ್ ನೀರಲ್ಲಿ ಇದು ಜಾಸ್ತಿ. ಮಣ್ಣಲ್ಲಿ ಕಬ್ಬಿಣ ಇದ್ದರೂ ಸುಣ್ಣದಂಶ ಅದನ್ನು ಬೇರಿಗೆ ಬಿಟ್ಟುಕೊಡಲ್ಲ. ಲೀಟರಿಗೆ 5 ಗ್ರಾಂ ಅನ್ನಭೇದಿ, ಸ್ವಲ್ಪ ನಿಂಬೆರಸ ಬೆರೆಸಿ ಆಗಲೇ ಸಿಂಪಡಿಸಿ. ಪಾತ್ರೆ ತೊಳೆದ ಸೋಪಿನ ನೀರಿಗಿಂತ ಅಕ್ಕಿ ತೊಳೆದ ನೀರು ಹಾಕೋದು ವಾಸಿ.

ತುದಿ ಎಲೆ ಸಣ್ಣದಾಗಿ, ಅಂಚು ಹಳದಿಯಾಗಿ ಮೇಲಕ್ಕೆ ಮುದುರಿದರೆ ಮಾತ್ರ ಯಾವ ಗೊಬ್ಬರಾನೂ ಕೆಲಸ ಮಾಡಲ್ಲ. ಅದು ಬಿಳಿನೊಣ ಹರಡುವ ಎಲೆ ಮುರುಟು ನಂಜುರೋಗ. ಗಿಡ ಕಿತ್ತು ಮಣ್ಣಲ್ಲಿ ಹೂಳಿ, ಉಳಿದ ಗಿಡದ ಎಲೆ ತಿರುವಿ ಬಿಳಿನೊಣ ಹುಡುಕಿ. ಮುಂದಿನ ಸಲಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹಾಕಬಹುದು, ಅದು ಈ ರೋಗ ತಡೆದುಕೊಳ್ಳುತ್ತೆ.