ಹೊಟ್ಟೆಕಿಚ್ಚಿಗೂ ಮದ್ದುಂಟೇ?

ಎದೆಯುರಿ, ನಿದ್ದೆ ಬರುವುದಿಲ್ಲ ಎಂದು ಮಹಿಳೆಯೊಬ್ಬರು ಬಂದಿದ್ದರು. ಊಟ-ತಿಂಡಿಯಲ್ಲಿ ಅಂಥ ತಪ್ಪೇನೂ ಕಾಣಲಿಲ್ಲ. ಯಾವಾಗಿನಿಂದ ಹೀಗೆ ಎಂದು ಕೇಳಿದೆ. "ಓರಗಿತ್ತಿಯ ಹೊಸ ಮನೆ ಒಕ್ಕಲಾದ ಮೇಲೆ ಡಾಕ್ಟ್ರೇ" ಎಂದವರು ತಾವೇ ನಾಚಿಕೊಂಡರು.

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳುತ್ತೇವೆ. ಗಾಳಿ, ಆಹಾರ, ನಿದ್ದೆಗಳ ಸಾಲಿನಲ್ಲೇ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಇದೆ. ಸುಮಾರು 1,100 ವರ್ಷಗಳ ಹಿಂದೆ ವೈದ್ಯ ಅಬೂಬಕರ್ ಅರ್ರಾಝಿ ಮನಸ್ಸಿನ ಚಿಕಿತ್ಸೆಯ ಕುರಿತು ಬರೆದ ಗ್ರಂಥದಲ್ಲಿ ಹಸದ್, ಅಂದರೆ ಅಸೂಯೆಗೆಂದೇ ಒಂದು ಅಧ್ಯಾಯವಿದೆ. ಅದು ನಿದ್ದೆಗೆಡಿಸುತ್ತದೆ, ತಿಂದದ್ದನ್ನು ಮೈಗೆ ಹತ್ತಗೊಡುವುದಿಲ್ಲ, ಮುಖದ ಕಳೆ ಕೆಡಿಸುತ್ತದೆ ಎನ್ನುತ್ತಾರೆ ಅವರು. ಹೊರಗಿನವನು ಬಂದು ಆಳಿದರೆ ಜನ ಸಹಿಸುತ್ತಾರೆ, ತಮ್ಮೂರಿನವನೇ ಮೇಲೇರಿದರೆ ಸಹಿಸಲಾರರು ಎಂಬ ಮಾತೂ ಅಲ್ಲಿದೆ. ನಮ್ಮ ನಿದ್ದೆ ಕೆಡಿಸುವುದು ದೂರದ ಶ್ರೀಮಂತನಲ್ಲ, ಓರಗಿತ್ತಿಯೇ!

ರಾಝಿ ಇನ್ನೊಂದನ್ನೂ ಗಮನಿಸಿದ್ದರು: ಬಯಸಿದ್ದು ಕೈಗೆ ಬಂದರೆ ಅದರ ಸಂತೋಷ ಸ್ವಲ್ಪ ಕಾಲ ಮಾತ್ರ, ಆಮೇಲೆ ಅದು ರೂಢಿಯಾಗುತ್ತದೆ, ಕಣ್ಣು ಇನ್ನೂ ಮೇಲಕ್ಕೆ ಹೋಗುತ್ತದೆ. ನಿಮ್ಮ ಮನೆಗೆ ತಾರಸಿ ಹಾಕಿಸಿದಾಗ ಹೇಗಿತ್ತು ಎಂದು ಆಕೆಯನ್ನು ಕೇಳಿದೆ. "ಆಗಲೂ ನಿದ್ದೆ ಬರಲಿಲ್ಲ, ಖುಷಿಗೆ" ಎಂದು ನಕ್ಕರು. ಈಗ ಆ ತಾರಸಿಯತ್ತ ತಲೆಯೆತ್ತಿ ನೋಡಿ ಎಷ್ಟು ವರ್ಷವಾಯಿತೋ.

ಎಲ್ಲ ಎದೆಯುರಿಗೂ ಅಸೂಯೆಯೇ ಕಾರಣವಲ್ಲ. ಎರಡು ವಾರ ಕಳೆದರೂ ನಿಲ್ಲದಿದ್ದರೆ, ಮಲ ಕಪ್ಪಾದರೆ ತಪಾಸಣೆ ಮಾಡಿಸಲೇಬೇಕು. ಆಕೆಗೂ ಮದ್ದು ಕೊಟ್ಟೆ. ಜೊತೆಗೆ ರಾತ್ರಿಯೂಟ ಬೇಗ ಮುಗಿಸಲು, ಮಲಗುವ ಮುನ್ನ ಮೊಬೈಲಿನಲ್ಲಿ ನೆಂಟರ ಸ್ಟೇಟಸ್ ನೋಡದಿರಲು ಹೇಳಿದೆ. ತಿಂಗಳ ನಂತರ ಬಂದಾಗ ಉರಿ ಇಳಿದಿತ್ತು. ಓರಗಿತ್ತಿಯ ಮನೆಗೆ ಮಾತ್ರ ಇನ್ನೂ ಹೋಗಿಲ್ಲವಂತೆ.