ಊರಿನ ಆರೋಗ್ಯವೂ ವೃಷಭಾವತಿ ಹೊಳೆಯೂ

ಆರೋಗ್ಯವೇ ಭಾಗ್ಯವೆಂಬುದು ಹಿರಿಯರ ನುಡಿ. ಆದರೆ ಈ ಭಾಗ್ಯವು ಒಬ್ಬೊಬ್ಬರು ತಮ್ಮ ತಮ್ಮ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಳ್ಳತಕ್ಕ ಒಡವೆಯಂಥದಲ್ಲ. ಸ್ನಾನ, ಶುಚಿ, ಮಿತಾಹಾರಗಳ ನಿಯಮವನ್ನು ತಪ್ಪದೆ ನಡೆಸುವ ಹುಡುಗಿಯೂ, ಅವಳು ಕುಡಿಯುವ ನೀರು ಕೆಟ್ಟಿದ್ದರೆ, ವಾಸದ ಕೋಣೆಗೆ ಗಾಳಿಬೆಳಕುಗಳಿಲ್ಲದಿದ್ದರೆ, ಬಾಗಿಲ ಮುಂದಣ ಚರಂಡಿ ಕಟ್ಟಿಕೊಂಡಿದ್ದರೆ, ಕಾಯಿಲೆ ಬೀಳುವಳು. ಈ ಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು. ಕೆಲವರು ದಾದಿಯರು, ಉಪಾಧ್ಯಾಯಿನಿಯರು. ನಿಮಗೂ, ಮಕ್ಕಳನ್ನು ನಮ್ಮಲ್ಲಿಗೆ ಕಳುಹಿಸುತ್ತಿರುವ ತಂದೆತಾಯಿಗಳಿಗೂ ಉಪಯೋಗವಾದೀತೆಂದು, ನಾವು ವಾಸಿಸುವ ಪಶ್ಚಿಮ ಬೆಂಗಳೂರಿನ ಚರಿತ್ರೆಯಿಂದಲೇ ಒಂದು ಪಾಠವನ್ನು ಇಲ್ಲಿ ವಿವರಿಸುವೆನು.

ಮುಂಬಯಿಯಲ್ಲಿ ೧೮೯೬ರಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುಮಾರ್ಗವಾಗಿ ಹಬ್ಬುತ್ತ ೧೮೯೮ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಜನರು ಮನೆಮಾರುಗಳನ್ನು ಬಿಟ್ಟು ಊರಹೊರಗೆ ಗುಡಿಸಲು ಕಟ್ಟಿಕೊಂಡರು. ಪ್ಲೇಗಿನ ಅಮ್ಮನಿಗೆ ಗುಡಿ ಎತ್ತಿ ಹರಕೆ ಹೊತ್ತರು. ಪಟ್ಟಣವೂ ದಂಡೂ ಕೂಡಿ ೧೮೯೧ರ ಜನಗಣತಿಯಲ್ಲಿ ೧,೮೦,೩೬೬ ಜನರಿದ್ದರು. ೧೯೦೧ರ ಗಣತಿಯಲ್ಲಿ ಉಳಿದವರು ೧,೫೯,೦೪೬ ಮಾತ್ರ. ಸತ್ತವರೂ ಊರುಬಿಟ್ಟು ಹೋದವರೂ ಸೇರಿ ಇಷ್ಟು ಕೊರತೆ ಬಿದ್ದಿತು.

ರೋಗದ ಅಣುಜೀವಿಯನ್ನು ಯೆರ್ಸಿನ್ ಎಂಬ ವಿದ್ವಾಂಸನು ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಅದು ಇಲಿಯ ಮೈಮೇಲಿನ ಚಿಗಟದ ಮೂಲಕ ಮನುಷ್ಯನಿಗೆ ಅಂಟುವುದೆಂದು ಸೀಮಾಂಡ್ ಎಂಬವನು ೧೮೯೮ರಲ್ಲಿಯೇ ಕರಾಚಿಯಲ್ಲಿ ತೋರಿಸಿದನು. ಲೋಕವು ಅದನ್ನು ನಂಬಲು ಕೆಲವು ವರ್ಷಗಳು ಬೇಕಾದುವು. ಇದನ್ನು ತಿಳಿದ ಮೇಲೆ ಹಳೆಯ ಪೇಟೆಯ ಸ್ಥಿತಿಯನ್ನು ನೆನೆದು ನೋಡಿರಿ. ಗೋಡೆಗೆ ಗೋಡೆ ತಗುಲಿದ ಮನೆಗಳು, ಕಿಟಕಿಯಿಲ್ಲದ ಕೋಣೆಗಳು, ಅಂಗಡಿಯ ಹಿಂದೆಯೇ ಅಕ್ಕಿಬೇಳೆಗಳ ಮೂಟೆಗಳು. ಇಲಿಗೆ ಇದಕ್ಕಿಂತ ಒಳ್ಳೆಯ ಬೀಡು ಬೇರೊಂದಿಲ್ಲ. ಅಣುಜೀವಿಯು ದೂರದಿಂದ ಬಂದುದೇ ಸರಿ. ಅದಕ್ಕೆ ಹಾಸಿಗೆ ಹಾಸಿಕೊಟ್ಟುದು ಊರಿನ ಇಕ್ಕಟ್ಟು. ಇದರ ಜೊತೆಗೆ ಬಡತನವೂ ಕೂಡಿತು. ಹೊರಗೆ ತೋಟವೋ ನೆಂಟರ ಮನೆಯೋ ಇದ್ದವನು ಬಂಡಿ ಹೂಡಿಕೊಂಡು ಹೋಗಬಲ್ಲನು. ಅಂದಿನ ಕೂಲಿಯಿಂದ ಅಂದೇ ಉಣ್ಣುವವನು ಎಲ್ಲಿಗೆ ಹೋದಾನು?

ಆಗ ಸರ್ಕಾರವು ಆರೋಗ್ಯಾಧಿಕಾರಿಯನ್ನು ನೇಮಿಸಿತು. ಪಟ್ಟಣವನ್ನು ನಾಲ್ಕು ವಿಭಾಗಗಳಾಗಿ ಮಾಡಿತು. ಹೊಸ ಮನೆಗಳಿಗೆ ನೈರ್ಮಲ್ಯದ ನಿಯಮಗಳನ್ನು ವಿಧಿಸಿತು. ವಿಕ್ಟೋರಿಯಾ ಆಸ್ಪತ್ರೆಯು ೧೯೦೦ರಲ್ಲಿ ತೆರೆಯಿತು. ಹೆಸರಘಟ್ಟದ ಕೆರೆಯಿಂದ ಕೊಳಾಯಿಯಲ್ಲಿ ನೀರು ತರುವ ಕೆಲಸವು ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಪ್ಲೇಗಿಗೆ ಮೊದಲೇ, ೧೮೯೪ರಲ್ಲಿ ಆರಂಭವಾಗಿತ್ತು. ೧೮೯೨ರಲ್ಲಿ ಯೋಜಿಸಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಪ್ಲೇಗಿನ ತರುವಾಯ ಬೇಗಬೇಗನೆ ಬೆಳೆದುವು. ಅಗಲವಾದ ಬೀದಿ, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ಸಫಾಯಿಯ ಓಣಿ, ಇವೆಲ್ಲವೂ ಆರೋಗ್ಯವನ್ನೇ ಮುಂದಿಟ್ಟುಕೊಂಡು ಮಾಡಿದ ಏರ್ಪಾಡುಗಳು. ಇವುಗಳಿಂದಾದ ಉಪಕಾರವನ್ನು ನಾವು ಮರೆಯಬಾರದು.

ಆದರೂ ಆ ಪಾಠವನ್ನು ನಮ್ಮ ಊರು ಅರ್ಧವೇ ಕಲಿಯಿತೆಂದು ನನಗೆ ತೋರುತ್ತದೆ. ಕೊಳೆಯನ್ನು ದೂರಕ್ಕೆ ಸಾಗಿಸುವುದು ಬೇರೆ, ಕೊಳೆಯ ಅಪಾಯವನ್ನು ಕಳೆಯುವುದು ಬೇರೆ. ಹಿಂಬದಿಯ ಓಣಿಯಿಂದ ಮನೆಯವರಿಗೆ ಶುಚಿಯಾಯಿತು. ಮಲವನ್ನು ತಲೆಯ ಮೇಲೆ ಹೊತ್ತ ಜಾತಿಯವರಿಗೆ ಅದರಿಂದ ರೋಗವೂ ಅವಮಾನವೂ ಬಂದುವು. ೧೯೭೦ರ ದಶಕದಲ್ಲಿ ಸಚಿವರಾದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ೨೦೧೩ರಲ್ಲಿ ಇಡೀ ದೇಶಕ್ಕೆ ಕಟ್ಟುನಿಟ್ಟಾದ ಕಾನೂನು ಬಂದಿತು. ಒಬ್ಬರ ಶುಚಿಯು ಇನ್ನೊಬ್ಬರ ಮೈಮೇಲೆ ನಿಂತಿದ್ದರೆ ಅದನ್ನು ಊರಿನ ಆರೋಗ್ಯವೆಂದು ಕರೆಯಲಾಗದು.

ಇನ್ನು ನಮ್ಮ ಹೊಳೆಯ ವಿಷಯ. ವೃಷಭಾವತಿಯ ಒಂದು ಸೆಲೆ ಬಸವನಗುಡಿಯ ದೊಡ್ಡ ಬಸವನ ಬಳಿಯಲ್ಲಿ, ಇನ್ನೊಂದು ಮಲ್ಲೇಶ್ವರದ ಕಾಡುಮಲ್ಲೇಶ್ವರನ ಸಮೀಪದಲ್ಲಿ ಹುಟ್ಟುವುದೆಂದು ಹೇಳುವರು. ಆರೋಗ್ಯಕ್ಕಾಗಿ ಕಟ್ಟಿದ ಎರಡು ಬಡಾವಣೆಗಳೂ ಹೊಳೆಯ ಎರಡು ತಲೆಗಳ ಮೇಲೆಯೇ ಕುಳಿತಿವೆ. ಕೆಳಗೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಒಂದಾದಮೇಲೊಂದು ಬೆಳೆದುವು. ತಿಪ್ಪಗೊಂಡನಹಳ್ಳಿಯ ಜಲಾಶಯದ ನೀರು ೧೯೩೩ರಲ್ಲಿಯೂ ಕಾವೇರಿಯ ನೀರು ೧೯೭೪ರಲ್ಲಿಯೂ ಪಟ್ಟಣಕ್ಕೆ ಬಂದುವು. ನೀರನ್ನು ತರುವುದರಲ್ಲಿ ತೋರಿಸಿದ ಆತುರವನ್ನು, ಬಳಸಿದ ನೀರನ್ನು ಶುದ್ಧಿಮಾಡಿ ಕಳುಹಿಸುವುದರಲ್ಲಿ ತೋರಿಸಲಿಲ್ಲ. ವೃಷಭಾವತಿಯ ಕಣಿವೆಯಲ್ಲಿಯೂ ಮೈಲಸಂದ್ರದಲ್ಲಿಯೂ ಶುದ್ಧೀಕರಣ ಸ್ಥಾವರಗಳುಂಟು. ಆದರೆ ಮನೆಗಳ ಕೊಳಚೆಯೂ ಕಾರ್ಖಾನೆಗಳ ರಾಸಾಯನಿಕಗಳೂ ಅವನ್ನು ತಪ್ಪಿಸಿಕೊಂಡು ಹೊಳೆಗೆ ಬೀಳುತ್ತಲೇ ಇವೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಹೋಗುವವರು ಇದನ್ನು ಹೊಳೆಯೆನ್ನದೆ ಮೋರಿಯೆನ್ನುವರು.

ಆ ನೀರು ಕೆಂಗೇರಿಯನ್ನು ದಾಟಿ ಭೈರಮಂಗಲದ ಕೆರೆಯನ್ನು ಸೇರುವುದು. ಬೇಸಾಯಕ್ಕೆಂದು ಕಟ್ಟಿದ ಆ ಕೆರೆಯಿಂದ ಇಂದು ನೊರೆಯೇ ಹೊರಬೀಳುವುದು. ಹಿಂದೆ ಬತ್ತ ಬೆಳೆದ ಹೊಲಗಳಲ್ಲಿ ಈಗ ದನದ ಮೇವು, ಬೇಬಿ ಕಾರ್ನ್ ಮೊದಲಾದುವುಗಳನ್ನು ಬೆಳೆಯುವರು. ಸುತ್ತಲಿನ ಹಳ್ಳಿಗಳ ಬಾವಿಯ ನೀರು ಕುಡಿಯಲು ಯೋಗ್ಯವಾಗಿಲ್ಲ. ಆ ಹಳ್ಳಿಗಳ ತಾಯಂದಿರು ನಮಗೆ ಏನೂ ಕೆಡುಕು ಮಾಡಿದವರಲ್ಲ. ನಾವು ಬಚ್ಚಲಿಗೆ ಚೆಲ್ಲಿದುದು ಅವರ ಹೊಲಕ್ಕೆ ಹೋಗುತ್ತಿದೆ. ಅಲ್ಲಿಯ ಹಾಲೂ ತರಕಾರಿಯೂ ಮರಳಿ ಪಟ್ಟಣದ ಅಡಿಗೆಮನೆಗೇ ಬರುವುವು. ಹೊಳೆಯಾದರೋ ಮುಂದೆ ಅರ್ಕಾವತಿಯನ್ನೂ, ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನೂ ಕೂಡುವುದು. ಕಾವೇರಿಯಿಂದ ಶುದ್ಧವಾಗಿ ತಂದುದನ್ನು ಕಾವೇರಿಗೇ ಮಲಿನವಾಗಿ ಒಪ್ಪಿಸುತ್ತಿದ್ದೇವೆ.

ಸ್ಥಿತಿಗತಿಗಳು ರೋಗವನ್ನು ಹೇಗೆ ನಡೆಸುವುವೆಂಬುದಕ್ಕೆ ಇನ್ನೂ ಎರಡು ನಿದರ್ಶನಗಳನ್ನು ಕೊಡುವೆನು. ಡೆಂಗಿ ಜ್ವರದ ಸೊಳ್ಳೆಯು ಕೊಳಚೆಗಿಂತ ಹೆಚ್ಚಾಗಿ ಮನೆಯಲ್ಲಿ ತುಂಬಿಟ್ಟ ತಿಳಿನೀರಿನಲ್ಲಿ ಮೊಟ್ಟೆಯಿಡುವುದು. ದಿನವೂ ನಲ್ಲಿಯಲ್ಲಿ ನೀರು ಬರುವ ಮನೆಗೆ ಡ್ರಮ್ಮು ತುಂಬಿಸುವ ಅವಶ್ಯಕತೆಯಿಲ್ಲ. ಮೂರು ದಿನಕ್ಕೊಮ್ಮೆ ನೀರು ಕಾಣುವ ಮನೆಗೆ ತುಂಬಿಸದೆ ಗತಿಯಿಲ್ಲ. ಆದುದರಿಂದ ಆ ಗೃಹಿಣಿಯನ್ನು ಅಶುಚಿಯೆಂದು ದೂಷಿಸುವುದು ನ್ಯಾಯವಲ್ಲ. ಎರಡನೆಯದು ಕೋವಿಡ್. ೨೦೨೦ರ ಏಪ್ರಿಲಿನಲ್ಲಿ ನಮ್ಮ ನೆರೆಯ ಪಾದರಾಯನಪುರ, ಬಾಪೂಜಿನಗರಗಳನ್ನು ಮುಚ್ಚಲಾಯಿತು. ಒಬ್ಬರಿಂದೊಬ್ಬರು ದೂರವಿರಿ ಎಂಬ ಆಜ್ಞೆಯು ಎಲ್ಲರಿಗೂ ಒಂದೇ. ಆದರೆ ಒಂದೇ ಕೋಣೆಯಲ್ಲಿ ಆರು ಜನ ಮಲಗುವವರಿಗೆ ಅದನ್ನು ಪಾಲಿಸುವ ಬಗೆ ಯಾವುದು? ಪ್ಲೇಗಿನ ಕಾಲದ ಇಕ್ಕಟ್ಟು ಪೇಟೆಯಿಂದ ನಮ್ಮ ಕಡೆಗೆ ಸರಿದು ಬಂದಿತ್ತು, ಅಷ್ಟೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ತುಂಬಿಟ್ಟ ನೀರಿನ ಪಾತ್ರೆಗಳನ್ನು ಮುಚ್ಚಿರಿ, ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿರಿ. ಮೊಟ್ಟೆಯು ಸೊಳ್ಳೆಯಾಗಲು ಏಳೆಂಟು ದಿನಗಳು ಬೇಕು. ಎರಡನೆಯದಾಗಿ, ಉಳಿದ ಔಷಧ, ಬಣ್ಣ, ಎಣ್ಣೆಗಳನ್ನು ಬಚ್ಚಲಿಗೆ ಸುರಿಯಬೇಡಿರಿ. ಮಳೆನೀರಿನ ಕಾಲುವೆಗೆ ಮನೆಯ ಕೊಳಚೆಯನ್ನು ಬಿಡಬೇಡಿರಿ. ಮೂರನೆಯದಾಗಿ, ಕಸವನ್ನು ಬೇರ್ಪಡಿಸಿಯೇ ಕೊಡಿರಿ. ಬೆಳಗ್ಗೆ ಬಾಗಿಲಿಗೆ ಬರುವ ಪೌರಕಾರ್ಮಿಕಳ ಕೈಗೆ ಗಾಜಿನ ಚೂರು ತಾಗದಿರಲಿ, ಅವಳನ್ನು ಗೌರವದಿಂದ ಮಾತನಾಡಿಸಿರಿ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಪ್ಲೇಗು ನಿಂತುದು ಪ್ರತಿಯೊಬ್ಬರೂ ಎಚ್ಚರವಾಗಿದ್ದುದರಿಂದ ಮಾತ್ರವಲ್ಲ, ಊರು ನೀರಿಗೂ ಬೀದಿಗೂ ಮನೆಗಳಿಗೂ ಹಣ ಹಾಕಿದುದರಿಂದಲೂ ಹೌದು. ಆದಕಾರಣ ನಿಮ್ಮ ಓಟನ್ನು ಕೇಳಲು ಬರುವವರನ್ನು ಚರಂಡಿಯ ವಿಷಯವಾಗಿ ಪ್ರಶ್ನಿಸಿರಿ. ನಮ್ಮ ಬೀದಿಯ ಚರಂಡಿಯನ್ನು ಮಾತ್ರ ಕೇಳಿದರೆ ಸಾಲದು. ಅದು ಎಲ್ಲಿಗೆ ಹೋಗಿ ಮುಟ್ಟುವುದೆಂಬುದನ್ನೂ ಕೇಳಿರಿ.

ಆರೋಗ್ಯಶಾಸ್ತ್ರವನ್ನು ಓದಿದ ಹೆಣ್ಣುಮಗಳು ತನ್ನ ಮನೆಯ ಹೊಸ್ತಿಲವರೆಗೆ ಗುಡಿಸಿದರೆ ಪಾಠವು ಮುಗಿಯಲಿಲ್ಲ. ಭೈರಮಂಗಲದ ಮಗುವೂ ತಿಳಿನೀರು ಕುಡಿಯುವ ದಿನ ಅದು ಮುಗಿದಂತಾಗುವುದು.